ಗುರುತಮ್ಮ ಗಡಿಯಾರ ಹಿಂದಿರುಗಿಸಿದ್ದು

ರೈಲು ನಿಲ್ದಾಣದ ಒಂದನೇ ಪ್ಲಾಟ್‌ಫಾರಂ ಮುಗಿಯುವ ಕಡೆ, ಕುಡಿಯುವ ನೀರಿನ ನಲ್ಲಿಗಳನ್ನು ದಾಟಿದರೆ ಒಂದು ಉದ್ದನೆಯ ಕೊಠಡಿ. ಪ್ರಯಾಣಿಕರು ರೈಲಿನಲ್ಲಿ ಮರೆತುಹೋದ ಸಾಮಾನೆಲ್ಲ ಬಂದು ಸೇರುವುದು ಅಲ್ಲಿಗೆ. ಆ ಕೊಠಡಿಯ ಕಿಟಕಿಯ ಹಿಂದೆ ಒಬ್ಬ ಹೆಂಗಸು ಮೂವತ್ತೊಂದು ವರ್ಷ ಕೂತಿದ್ದರು. ಅವರಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಆದರೆ ಅದು ಸಂಬಳದ ಪಟ್ಟಿಯ ಹೊರಗೆ ಎಂದೂ ಕಾಲಿಡಲಿಲ್ಲ. ಕೂಲಿಯವರಿಂದ ಹಿಡಿದು ಸ್ಟೇಷನ್ ಮಾಸ್ತರರವರೆಗೆ ಎಲ್ಲರ ಬಾಯಲ್ಲೂ ಅವರು ಗುರುತಮ್ಮ. ಕಳೆದುಕೊಂಡವರು ಓಡೋಡಿ ಬಂದು ಕಿಟಕಿಯ ಸರಳಿಗೆ ಮುಖ ಒತ್ತಿ, "ಅಮ್ಮಾ, ನನ್ನ ಕೊಡೆ" ಎಂದರೆ, ಅವರು ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದದ್ದು ಒಂದೇ ಮಾತು.

"ಏನು ಗುರುತು?"

ಕಪ್ಪು ಕೊಡೆ ಎಂದರೆ ಸಾಲದು. ಹಿಡಿ ಎಂಥದು, ಎಷ್ಟು ಕಡ್ಡಿ ಬಾಗಿದೆ, ತೂತಿದ್ದರೆ ಯಾವ ಕಡೆ, ಎಲ್ಲ ಹೇಳಬೇಕು. ಒಮ್ಮೆ ಒಬ್ಬ ಮುದುಕರು ರೈಲಿನಲ್ಲಿ ಮರೆತ ಕಟ್ಟುಹಲ್ಲು ಕೇಳಿಕೊಂಡು ಬಂದಿದ್ದರು. ಹಲ್ಲಿಲ್ಲದ ಬಾಯಲ್ಲಿ ಅವರು ಹೇಳಿದ ಗುರುತು ಒಂದೂ ಅರ್ಥವಾಗದೆ, ಕೊನೆಗೆ ಗುರುತಮ್ಮ ಡಬ್ಬಿ ಮುಂದೆ ಸರಿಸಿ, "ಹಾಕ್ಕೊಂಡು ಹೇಳಿ" ಎಂದರು. ಹಾಕಿಕೊಂಡ ಮೇಲೆ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಆದರೂ ಮುದುಕರು ಗೌರವದಿಂದ ಎರಡು ಮಾತಾಡಿ ಹೋದರು.

ಗಂಡನಿಗೂ ರಿಯಾಯಿತಿ ಇರಲಿಲ್ಲ. ಗಂಡ ಅಂಗಡಿಗಳಿಗೆ ಬೋರ್ಡು ಬರೆಯುವವರು. ಒಂದು ಸಲ ಅವರೂ ರೈಲಿನಲ್ಲಿ ಕೊಡೆ ಬಿಟ್ಟು, ಸರದಿಯಲ್ಲಿ ನಿಂತು, ಕಿಟಕಿಗೆ ಬಂದು ಹಲ್ಲು ಕಿರಿದರು. ಗುರುತಮ್ಮ ಗುರುತು ಕೇಳಿದರು. "ಹಿಡಿಗೆ ಕೆಂಪು ಪೇಂಟು ಅಂಟಿದೆ ಕಣೇ" ಎಂದರು. "ಕೆಂಪಲ್ಲ, ಇಟ್ಟಿಗೆ ಬಣ್ಣ. ಮುಂದಿನವರು ಬನ್ನಿ" ಎಂದು ಗುರುತಮ್ಮ ಅವರನ್ನು ಮತ್ತೆ ಸರದಿಯ ಬಾಲಕ್ಕೆ ಕಳಿಸಿದರು. ಕೊಡೆ ಹೋದರೂ ಚಿಂತೆಯಿರಲಿಲ್ಲ, ಬಣ್ಣದ ವಿಷಯದಲ್ಲಿ ತಪ್ಪು ಹಿಡಿಸಿಕೊಂಡೆನಲ್ಲ ಎಂದು ಆ ಮನುಷ್ಯ ವಾರಗಟ್ಟಲೆ ಕೊರಗಿದರು.

ಇಂಥವರು ನಿವೃತ್ತರಾಗಿ ಮನೆಗೆ ಬಂದರೆ ಏನಾಗಬೇಕೋ ಅದೇ ಆಯಿತು. ಮೊದಲ ತಿಂಗಳು ಗುರುತಮ್ಮ ಅಡುಗೆಮನೆಯನ್ನು ತಲೆಕೆಳಗು ಮಾಡಿ, ಅಕ್ಕಪಕ್ಕದ ಮನೆಗಳಿಂದ ಎಂದೋ ಬಂದು ಇಲ್ಲೇ ಉಳಿದಿದ್ದ ಡಬ್ಬಿ, ತಟ್ಟೆ, ಚಮಚಗಳನ್ನೆಲ್ಲ ಹೆಕ್ಕಿ ಹಿಂದಿರುಗಿಸಿದರು. ಎದುರುಮನೆಯವರಿಗೆ ಹದಿನಾಲ್ಕು ವರ್ಷದ ಹಿಂದಿನ ಇಕ್ಕಳ ಸಿಕ್ಕಿತು. ಬೀದಿಯಲ್ಲಿ ಎಲ್ಲರೂ ಹೊಗಳಿದರು. ಎರಡನೆಯ ತಿಂಗಳು ಅವರು ತಮ್ಮ ಮನೆಯಿಂದ ಹೋದ ಸಾಮಾನಿನ ಪಟ್ಟಿ ಹಿಡಿದು ಮನೆಮನೆ ಹತ್ತತೊಡಗಿದಾಗ ಹೊಗಳಿಕೆ ನಿಂತಿತು. ಬೋರ್ಡಿನವರು ಎಚ್ಚೆತ್ತರು.

"ನೋಡೇ, ಹಿತ್ತಲ ಬಾಗಿಲಿನ ಹಿಡಿ ಮುರಿದಿದೆ. ಹೊಸ ಅಂಗಡೀಲಿ ಅಂಥದ್ದು ಸಿಗಲ್ಲ. ಹದಿನೇಳನೇ ನಂಬರ್ ಬಸ್ಸಲ್ಲಿ ಕೊನೇ ಸ್ಟಾಪಿಗೆ ಹೋಗು. ಅಲ್ಲಿ ಹಳೇ ಸಾಮಾನಿನ ಅಂಗಡಿಗಳು ಸಾಲಾಗಿವೆ, ಅರ್ಧಕ್ಕರ್ಧ ಬೋರ್ಡು ನಾನೇ ಬರೆದದ್ದು. ನಿಧಾನಕ್ಕೆ ಹುಡುಕು, ಅವಸರ ಏನಿಲ್ಲ."

ಅವಸರ ಏನಿಲ್ಲ ಎಂಬ ಮಾತನ್ನು ಅವರು ಎರಡು ಸಲ ಹೇಳಿದರು.

ಹದಿನೇಳನೇ ನಂಬರು ಹೋಗಿ ತಿರುಗಿಕೊಳ್ಳುವ ಹೊರವಲಯದಲ್ಲಿ ಊರು ಸ್ವಲ್ಪ ಸಡಿಲವಾಗುತ್ತದೆ. ಮನೆಗಳು ಕುಳ್ಳಾಗುತ್ತವೆ, ಕಾಲುದಾರಿಯ ಮೇಲೆ ಕುರ್ಚಿಗಳು ಬಂದು ಕೂರುತ್ತವೆ. ಆ ಬೀದಿಯಲ್ಲಿ ಬರೀ ಕುರ್ಚಿ ಮಾರುವ ಅಂಗಡಿಯೊಂದಿತ್ತು. ಅದರ ಯಜಮಾನ ಮಾತ್ರ ಯಾವಾಗಲೂ ನಿಂತೇ ಇರುತ್ತಿದ್ದ, ಕೂತ ಕುರ್ಚಿಯನ್ನೇ ಗಿರಾಕಿ ಕೇಳುತ್ತಾರಂತೆ. ಮುಂದೆ ಹಳೇ ಕೋಟುಗಳ ಅಂಗಡಿ. ಅದನ್ನು ನಡೆಸುವ ನಿವೃತ್ತ ನರ್ಸು ಗಿರಾಕಿಯ ತೋಳು ಹಿಡಿದು ಅಳತೆ ನೋಡುವಾಗ ನಾಡಿಯನ್ನೂ ನೋಡಿಬಿಡುತ್ತಿದ್ದರು. ಅದರಾಚೆ ಗ್ರಾಮಫೋನ್ ತಟ್ಟೆಗಳದ್ದು, ಬೀಗಗಳದ್ದು. ಎಲ್ಲಕ್ಕಿಂತ ಕೊನೆಗೆ, ಹಿಂದೊಮ್ಮೆ ಬೈಸಿಕಲ್ ಗೋದಾಮಾಗಿದ್ದ ಎತ್ತರದ ಕಟ್ಟಡದಲ್ಲಿ, ಎಲ್ಲ ಬಗೆಯ ಸಾಮಾನೂ ಸಿಗುವ ದೊಡ್ಡ ಅಂಗಡಿ. ಅದರ ಯಜಮಾನನಿಗೆ ಧೂಳು ಆಗದು. ದಿನವಿಡೀ ಸೀನುತ್ತ ಕೂರುವ ಆತನನ್ನು ಬೀದಿಯವರು ನೆಗಡಿಯಣ್ಣ ಎನ್ನುತ್ತಿದ್ದರು. ಧೂಳಾಗದವನು ಹಳೇ ಸಾಮಾನಿನ ವ್ಯಾಪಾರಕ್ಕೆ ಯಾಕೆ ಇಳಿದ ಎಂದು ಯಾರಾದರೂ ಕೇಳಿದರೆ, ಉತ್ತರ ಬರುವ ಮೊದಲೇ ಸೀನು ಬಂದುಬಿಡುತ್ತಿತ್ತು.

ಗುರುತಮ್ಮ ಆ ಅಂಗಡಿಯ ಒಳಗೆ ಕಾಲಿಟ್ಟವರು ಹಾಗೇ ನಿಂತುಬಿಟ್ಟರು. ಕೊಡೆ, ಪೆಟ್ಟಿಗೆ, ಊರುಗೋಲು, ಕನ್ನಡಕ, ಪಿಟೀಲು, ಒಂಟಿ ಚಪ್ಪಲಿ ಕೂಡ. ಥೇಟ್ ಅವರ ಕೊಠಡಿಯೇ. ಆದರೆ ಒಂದಕ್ಕೂ ಚೀಟಿಯಿಲ್ಲ, ತಾರೀಖಿಲ್ಲ, ಯಾವ ಗಾಡಿಯಲ್ಲಿ ಸಿಕ್ಕಿತು ಎಂಬ ದಾಖಲೆಯಿಲ್ಲ.

"ಇವಕ್ಕೆಲ್ಲ ವಾರಸುದಾರರು ಯಾರು?" ಎಂದು ಕೇಳಿದರು.

"ಕಾಸು ಕೊಟ್ಟರೆ ನೀವೇ" ಎಂದ ನೆಗಡಿಯಣ್ಣ, ಮತ್ತು ಸೀನಿದ.

ಆ ದಿನ ಗುರುತಮ್ಮ ಬಾಗಿಲ ಹಿಡಿಯನ್ನು ಮರೆತರು. ಅದರ ಬದಲು, ಮೇಲೊಬ್ಬ ಹುಡುಗನ ಹೆಸರು ಕೆತ್ತಿದ್ದ ಸಣ್ಣ ಬೆಳ್ಳಿಬಣ್ಣದ ಕಪ್ಪೊಂದನ್ನು ಕೊಂಡು ಚೀಲಕ್ಕೆ ಹಾಕಿಕೊಂಡು ಬಂದರು. ಸೈಕಲ್ ಸ್ಪರ್ಧೆಯಲ್ಲಿ ಗೆದ್ದದ್ದು, ವರ್ಷವೂ ಇತ್ತು. ಪಾಪ, ಯಾರೋ ಏನೋ, ಎಷ್ಟು ಹುಡುಕುತ್ತಿದ್ದಾನೋ ಎಂದು ಅವರಿಗೆ ಊಟ ಸೇರಲಿಲ್ಲ. ಬೋರ್ಡಿನವರು ಮುರಿದ ಹಿಡಿಗೆ ಹಗ್ಗ ಕಟ್ಟಿಕೊಂಡು ಸುಮ್ಮನಾದರು.

ನಾಲ್ಕು ದಿನ ಅಲೆದು ಗುರುತಮ್ಮ ಆ ಹುಡುಗನನ್ನು ಪತ್ತೆ ಹಚ್ಚಿದರು. ಹುಡುಗನಿಗೀಗ ಅರವತ್ತೆರಡು. ಮಾರುಕಟ್ಟೆಯಲ್ಲಿ ತರಕಾರಿ ಅಂಗಡಿ, ಹೊಟ್ಟೆ, ಇಬ್ಬರು ಮೊಮ್ಮಕ್ಕಳು. ಮೊಮ್ಮಕ್ಕಳು ಪಕ್ಕದಲ್ಲೇ ಮೂಟೆಯ ಮೇಲೆ ಕೂತಿದ್ದರು. ಗುರುತಮ್ಮ ಕಪ್ಪನ್ನು ತೆಗೆದು ಮುಂದೆ ಹಿಡಿದಾಗ ತರಕಾರಿಯವನ ಮುಖದ ಬಣ್ಣ ಹೋಯಿತು. ಅವನು ಅದನ್ನು ಕಸಿದುಕೊಂಡವನಂತೆ ತೆಗೆದುಕೊಂಡು ಕೋಸಿನ ಬುಟ್ಟಿಯ ತಳಕ್ಕೆ ತುರುಕಿದ. ಬೇಡಬೇಡವೆಂದರೂ ಎರಡು ಕೆಜಿ ಬೀಟ್‌ರೂಟ್ ಚೀಲಕ್ಕೆ ಸುರಿದು, "ಆಯ್ತಮ್ಮ, ದೊಡ್ಡ ಉಪಕಾರ ಆಯ್ತು, ಹೊರಡಿ" ಎಂದ.

"ಆನಂದಕ್ಕೆ ಮಾತೇ ಹೊರಡಲಿಲ್ಲ ರೀ ಅವರಿಗೆ" ಎಂದು ಗುರುತಮ್ಮ ಮನೆಯಲ್ಲಿ ವರದಿ ಒಪ್ಪಿಸಿದರು.

ಬೋರ್ಡಿನವರಿಗೆ ತರಕಾರಿಯವನ ಪರಿಚಯವಿತ್ತು. ಕಪ್ಪಿನ ಮೇಲಿದ್ದ ಪೂರ್ತಿ ಬರಹವನ್ನು ಅವರು ಹಿಂದಿನ ದಿನವೇ ಭೂತಗನ್ನಡಿ ಹಿಡಿದು ಓದಿದ್ದರು. ಅದು ನಿಧಾನ ಸೈಕಲ್ ಸ್ಪರ್ಧೆಯ ಮೂರನೇ ಬಹುಮಾನ. ಆ ಮನುಷ್ಯ ತಾನು ಗಾಳಿಯ ಹಾಗೆ ಸೈಕಲ್ ಹೊಡೆಯುತ್ತಿದ್ದ ಕಥೆಯನ್ನು ಮೂವತ್ತು ವರ್ಷದಿಂದ ಮಾರುಕಟ್ಟೆಗೆಲ್ಲ ಹೇಳುತ್ತ ಬಂದಿದ್ದ. ಬೋರ್ಡಿನವರು ಹೆಂಡತಿಗೆ ಏನೂ ಹೇಳದೆ ಬೀಟ್‌ರೂಟ್ ತೊಳೆಯಲು ಹೋದರು.

ಹೀಗೆ ಹುಮ್ಮಸ್ಸು ಬಂದ ಗುರುತಮ್ಮ ವಾರಕ್ಕೆರಡು ಸಲ ಹದಿನೇಳನೇ ನಂಬರು ಹತ್ತತೊಡಗಿದರು. ನೆಗಡಿಯಣ್ಣನಿಗೆ ಅವರೆಂದರೆ ತಲೆನೋವೂ ಹೌದು, ಹೊತ್ತು ಹೋಗುವುದೂ ಹೌದು. ಪುಸ್ತಕಗಳ ಮೊದಲ ಪುಟ ತೆರೆದು ಹೆಸರು ಬರೆದುಕೊಳ್ಳುವರು, ಪೆಟ್ಟಿಗೆಗಳ ಒಳಗೆ ತಲೆ ತೂರಿಸಿ ಮೂಸುವರು. ಎಂಟು ಹತ್ತು ಸಾಮಾನು ಹಿಂದಿರುಗಿಸಿದರು. ಕೆಲವರು ಥ್ಯಾಂಕ್ಸ್ ಹೇಳಿದರು, ಕೆಲವರು ಯಾಕೋ ನಕ್ಕರು. ಒಬ್ಬ ದಂತವೈದ್ಯರು ತಮ್ಮ ಹೈಸ್ಕೂಲಿನ ನಿಘಂಟು ಇಸಕೊಂಡು, ಗುರುತಮ್ಮನ ಹಲ್ಲು ನೋಡಿ, ಒಂದನ್ನು ಕೀಳಬೇಕು ಎಂದರು.

ಗಡಿಯಾರ ಕಣ್ಣಿಗೆ ಬಿದ್ದದ್ದು ಆಮೇಲೆ. ಗೋಡೆಗೆ ಹಾಕುವ ಲೋಲಕದ ಗಡಿಯಾರ, ಮೊಳದುದ್ದ, ಒಳ್ಳೇ ಮರದ್ದು. ಹಿಂಬದಿಯ ಹಲಗೆಯ ಮೇಲೆ ದುಂಡು ಅಕ್ಷರದಲ್ಲಿ ಬರೆದಿತ್ತು: "ನನ್ನ ಸೊಸೆಗೆ. ಹೊತ್ತಿನ ಬೆಲೆ ತಿಳಿಯಲಿ. ಅತ್ತೆ." ಗುರುತಮ್ಮನ ಕಣ್ಣು ಒದ್ದೆಯಾಯಿತು. ಅತ್ತೆ ಪ್ರೀತಿಯಿಂದ ಕೊಟ್ಟದ್ದು, ಯಾವ ಕಳ್ಳ ಕದ್ದು ತಂದನೋ ಎಂದುಕೊಂಡರು. ಆ ಮಾತಿನಲ್ಲಿ ಪ್ರೀತಿ ಎಷ್ಟಿದೆ ಎಂದು ಬೇರೆ ಯಾರಾದರೂ ಒಮ್ಮೆ ಯೋಚಿಸುತ್ತಿದ್ದರು.

ಗಡಿಯಾರದ ಮುಂಬಾಗಿಲ ಒಳಗೆ ಮೂಲೆಯಲ್ಲಿ ಸೂಜಿಯಿಂದ ಗೀರಿದ ಮೂರು ತಾರೀಖುಗಳಿದ್ದವು, ಪ್ರತಿಯೊಂದರ ಪಕ್ಕ ಸಣ್ಣದೊಂದು ಮೀನಿನ ಗುರುತು. ರಿಪೇರಿ ಮಾಡಿದವರು ಹೀಗೆ ಗುರುತು ಹಾಕುತ್ತಾರೆಂದು ಗುರುತಮ್ಮನಿಗೆ ಗೊತ್ತಿತ್ತು. ಅದನ್ನು ಕೊಂಡು, ಆ ಭಾಗದ ಗಡಿಯಾರದಂಗಡಿಗಳನ್ನು ಒಂದೊಂದಾಗಿ ಸುತ್ತಿದರು. ಮೂರನೆಯ ಅಂಗಡಿಯವನು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ನೋಡಿ, "ಮೀನು ನಮ್ಮಪ್ಪ ಹಾಕ್ತಿದ್ದದ್ದು. ಇದು ಟೈಪಿಸ್ಟ್ ಅಮ್ಮನ ಗಡಿಯಾರ. ನೀರಿನ ಟ್ಯಾಂಕಿನ ಹಿಂದೆ ಹಸಿರು ಗೇಟಿನ ಮನೆ" ಎಂದ.

ಗಡಿಯಾರವನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ, ಮಗುವಿನ ಹಾಗೆ ಹೆಗಲಿಗೆ ಹಾಕಿಕೊಂಡು ಗುರುತಮ್ಮ ಆ ಮನೆಯ ಗೇಟು ತಟ್ಟಿದಾಗ ಬೆಳಗಿನ ಹನ್ನೊಂದು ಗಂಟೆ. ಬಾಗಿಲು ತೆರೆದ ಹೆಂಗಸಿಗೆ ಎಪ್ಪತ್ತು ದಾಟಿತ್ತು. ನೆಟ್ಟಗಿನ ಬೆನ್ನು, ಬೆರಳುಗಳು ಈಗಲೂ ಸುಮ್ಮನಿರದೆ ಬಾಗಿಲ ಮೇಲೆ ತಾಳ ಹಾಕುತ್ತಿದ್ದವು. ಗುರುತಮ್ಮ ಟವೆಲ್ಲು ಸರಿಸಿದರು. ಕಳೆದದ್ದು ಸಿಕ್ಕಾಗ ಜನರ ಮುಖ ಹೇಗೆ ಅರಳುತ್ತದೆ ಎಂಬುದನ್ನು ಸಾವಿರಾರು ಸಲ ನೋಡಿದ್ದವರು ಅವರು. ಅದಕ್ಕಾಗಿ ಕಾದರು.

"ಅಯ್ಯೋ ದೇವರೇ, ಮತ್ತೆ ಬಂತಾ ಇದು" ಎಂದರು ಟೈಪಿಸ್ಟ್ ಅಮ್ಮ, ಬಾಗಿಲ ಚೌಕಟ್ಟು ಹಿಡಿದುಕೊಂಡು.

"ನಿಮ್ಮದೇ ಅಲ್ವಾ?"

"ನಮ್ಮದೇ. ಅದೇ ತೊಂದರೆ. ಮೆಲ್ಲಗೆ ಮಾತಾಡಿ, ಒಳಗೆ ನಮ್ಮನೆಯವರು ಇದ್ದಾರೆ."

ಮೆಲುದನಿಯಲ್ಲಿ ಬಾಗಿಲಲ್ಲೇ ನಡೆದ ಮಾತಿನಿಂದ ತಿಳಿದದ್ದಿಷ್ಟು. ಅತ್ತೆ ಅದನ್ನು ಕೊಟ್ಟದ್ದು ಮದುವೆಯಾದ ಮೂರನೆಯ ತಿಂಗಳು, ಸೊಸೆ ಆಫೀಸಿನಿಂದ ಹತ್ತು ನಿಮಿಷ ತಡವಾಗಿ ಬಂದ ದಿನ. ಅದು ಕಾಲುಗಂಟೆಗೊಮ್ಮೆ ಬಾರಿಸುತ್ತಿತ್ತು. ಅತ್ತೆ ಅದನ್ನು ಯಾವಾಗಲೂ ಹತ್ತು ನಿಮಿಷ ಮುಂದಿಡುತ್ತಿದ್ದರಿಂದ ಸೊಸೆ ಓಡಿ ಬಂದರೂ ತಡ, ಹಾರಿ ಬಂದರೂ ತಡ. ಅತ್ತೆ ತೀರಿಕೊಂಡ ಮೇಲೂ ಹತ್ತಾರು ವರ್ಷ ಅದು ನಡುಮನೆಯಲ್ಲಿ ಅವರ ಪರವಾಗಿ ಮಾತಾಡುತ್ತಲೇ ಇತ್ತು. ಎರಡು ವರ್ಷದ ಹಿಂದೆ ಟೈಪಿಸ್ಟ್ ಅಮ್ಮ ಧೈರ್ಯ ಮಾಡಿ ಅದನ್ನು ಆಟೋದಲ್ಲಿ ಹಾಕಿ ನೆಗಡಿಯಣ್ಣನಿಗೆ ಮಾರಿ ಬಂದಿದ್ದರು. ಗಂಡನಿಗೆ ಮಾತ್ರ, ರಿಪೇರಿಗೆ ಕೊಟ್ಟಿದ್ದೀನಿ ಎಂದು ಹೇಳಿದ್ದರು.

"ಅವರಿಗೆ ಅಮ್ಮನ ನೆನಪು ನೋಡಿ. ವಾರಕ್ಕೊಮ್ಮೆ ಕೇಳ್ತಾರೆ, ಬಂತಾ ಬಂತಾ ಅಂತ. ನಾನು ಒಂದೊಂದು ಸಲ ಒಂದೊಂದು ಬಿಡಿಭಾಗದ ಹೆಸರು ಹೇಳಿ ದಿನ ತಳ್ತಾ ಇದ್ದೀನಿ. ಈಗ ಹೆಸರುಗಳೂ ಖಾಲಿ ಆಗ್ತಾ ಬಂದಿವೆ."

ಗುರುತಮ್ಮ ಟವೆಲ್ಲನ್ನು ಮತ್ತೆ ಮುಚ್ಚಲು ನೋಡಿದರು. ಆದರೆ ಗಡಿಯಾರ ಅತ್ತೆಯ ಕಡೆಯದೇ ಇರಬೇಕು. ಸರಿಯಾಗಿ ಆಗಲೇ ಅದು ಗಂಟಲು ಸರಿಮಾಡಿಕೊಂಡು ಢಣ್ ಎಂದು ಬಾರಿಸಿತು.

ಒಳಗಿನಿಂದ ಪತ್ರಿಕೆ ಮಡಿಸಿದ ಸದ್ದು ಬಂತು. ಅವರ ಗಂಡ, ಹಿಂದೆ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಮೇಷ್ಟ್ರು, ಬನಿಯನ್ನಿನಲ್ಲಿ ಬಂದು, ಹೆಂಡತಿಯ ಭುಜದ ಮೇಲಿಂದ ನೋಡಿದರು.

"ರಿಪೇರಿ ಆಯ್ತಾ?" ಎಂದು ಕೇಳಿದರು. ದನಿಯಲ್ಲಿ ಸಂತೋಷ ಹುಡುಕಿದರೂ ಸಿಗುತ್ತಿರಲಿಲ್ಲ.

"ಆಯ್ತು" ಎಂದರು ಟೈಪಿಸ್ಟ್ ಅಮ್ಮ.

"ಎರಡು ವರ್ಷ ಆಯ್ತಲ್ಲ. ಇನ್ನು ಆಗೋದೇ ಇಲ್ಲ ಅಂದ್ಕೊಂಡಿದ್ದೆ."

"ನೀವೇ ಕೇಳ್ತಾ ಇದ್ರಲ್ಲ ವಾರವಾರ, ಬಂತಾ ಬಂತಾ ಅಂತ."

ಮೇಷ್ಟ್ರು ಕಪ್ಪುಹಲಗೆಯ ಮುಂದೆ ಲೆಕ್ಕ ತಪ್ಪಿದವರಂತೆ ತಲೆ ಕೆರೆದುಕೊಂಡರು. "ಬಂದುಬಿಡುತ್ತೇನೋ ಅನ್ನೋ ಭಯಕ್ಕೆ ಕೇಳ್ತಾ ಇದ್ದೆ" ಎಂದರು.

ಇಂಥ ಹೊತ್ತಿನಲ್ಲಿ ಬೇರೆಯವರಾಗಿದ್ದರೆ ನೆಲ ನೋಡುತ್ತಿದ್ದರು. ಗುರುತಮ್ಮನಿಗೆ ದಾಖಲೆ ಸರಿಯಿರಬೇಕು. "ಒಳಗೆ ಮೂರು ಸಲ ರಿಪೇರಿ ಆದ ಗುರುತಿದೆ" ಎಂದು ಗಡಿಯಾರದ ಬಾಗಿಲು ತೆರೆದು ತೋರಿಸಿದರು.

"ಮೂರು ಸಲ ನಿಂತುಹೋಗಿತ್ತು" ಎಂದರು ಟೈಪಿಸ್ಟ್ ಅಮ್ಮ.

"ಅದಾಗಿ ನಿಂತದ್ದಲ್ಲ" ಎಂದರು ಮೇಷ್ಟ್ರು. ಅವರು ಸೂರು ನೋಡುತ್ತಿದ್ದರು. "ಒಂದು ಸಲ ಬೆಂಕಿಕಡ್ಡಿ ತುರುಕಿದ್ದೆ. ಒಂದು ಸಲ ಸ್ಪ್ರಿಂಗ್ ಬಿಚ್ಚಿದ್ದೆ. ಇನ್ನೊಂದು ಸಲ ಏನು ಮಾಡಿದೆ ಅಂತ ನನಗೇ ನೆನಪಿಲ್ಲ, ಪೂರ್ತಿ ಹಾಳು ಮಾಡಿದೆ ಅಂದ್ಕೊಂಡಿದ್ದೆ. ಮೂರು ಸಲಾನೂ ನೀನು ಮಾರನೇ ದಿನವೇ ಹೊತ್ಕೊಂಡು ಹೋಗಿ ಸರಿ ಮಾಡಿಸ್ಕೊಂಡು ಬಂದೆ."

"ನಿಮ್ಮಮ್ಮನ ಗಡಿಯಾರ ನಿಂತರೆ ನಿಮಗೆ ಬೇಜಾರಾಗುತ್ತೆ ಅಂತ."

"ಅಮ್ಮ ನಿನಗೆ ಅಂತ ಬರೆದುಕೊಟ್ಟದ್ದು, ನಿನಗೆ ಅದರ ಮೇಲೆ ಪ್ರೀತಿ ಇರಬೇಕು ಅಂತ ನಾನು ಸುಮ್ಮನಿದ್ದೆ."

ಟೈಪಿಸ್ಟ್ ಅಮ್ಮ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕೂತರು. ಮೊದಲು ಅಳುತ್ತಿದ್ದಾರೆ ಎಂದೇ ಗುರುತಮ್ಮನಿಗೆ ಅನಿಸಿದ್ದು. ಆಮೇಲೆ ನೋಡಿದರೆ ನಗುವಿಗೆ ಉಸಿರು ಸಿಗುತ್ತಿಲ್ಲ. ಮೇಷ್ಟ್ರು ಅವರ ಪಕ್ಕ ಕೂತು ಬೆನ್ನು ತಟ್ಟುತ್ತ ತಾವೂ ನಗತೊಡಗಿದರು. ನಲವತ್ತು ವರ್ಷ ಸೇರಿಸಿಟ್ಟಿದ್ದ ನಗು, ಅಷ್ಟು ಬೇಗ ನಿಲ್ಲುವಂತಿರಲಿಲ್ಲ. ಗುರುತಮ್ಮ ಗಡಿಯಾರ ಹಿಡಿದುಕೊಂಡು ಬಿಸಿಲಲ್ಲಿ ನಿಂತೇ ಇದ್ದರು.

ಒಳಗೆ ಕರೆದು ಚಹಾ ಕೊಟ್ಟರು, ಎರಡು ಸಲ. ಹೊರಡುವಾಗ ಮೇಷ್ಟ್ರು ಬಹಳ ಮರ್ಯಾದೆಯಿಂದ, "ಅಮ್ಮಾ, ನಿಮ್ಮ ಉಪಕಾರ ಮರೆಯೋದಿಲ್ಲ. ಈಗ ಇದನ್ನ ವಾಪಸ್ ತಗೊಂಡು ಹೋಗಿಬಿಡಿ" ಎಂದರು.

ಬಸ್ಸಿನಲ್ಲಿ ಕಂಡಕ್ಟರು ಗಡಿಯಾರಕ್ಕೂ ಟಿಕೆಟ್ ತೆಗೆಸಿದರು. ಒಂದು ಹಳ್ಳದಲ್ಲಿ ಬಸ್ಸು ಕುಲುಕಿದ್ದೇ ಅದು ಹನ್ನೆರಡು ಸಲ ಬಾರಿಸಿತು, ನಿದ್ದೆ ಹೋಗಿದ್ದ ಒಬ್ಬರು ಎದ್ದು ಗಡಿಬಿಡಿಯಲ್ಲಿ ಇಳಿದುಹೋದರು. ಗುರುತಮ್ಮನಿಗೆ ನಗು ಬರಲಿಲ್ಲ. ಕಿಟಕಿಯಾಚೆ ನೋಡುತ್ತ ಅವರು ತಮ್ಮ ಕೊಠಡಿಯನ್ನು ನೆನೆಯುತ್ತಿದ್ದರು. ಆರು ತಿಂಗಳು ಕಾದರೂ ಯಾರೂ ಕೇಳಿಕೊಂಡು ಬಾರದ ಸಾಮಾನು ಅಲ್ಲಿ ಎಷ್ಟಿದ್ದವು. ಅವನ್ನು ಹರಾಜಿಗೆ ಕಳಿಸುವ ದಿನ ಅವರು, ಪಾಪ, ದಾರಿ ಗೊತ್ತಾಗಲಿಲ್ಲವೇನೋ ಎಂದು ಮರುಗುತ್ತಿದ್ದರು. ಚೆನ್ನಾಗಿ ಮಡಿಸಿ, ದಾರ ಕಟ್ಟಿ, ಸೀಟಿನ ಕೆಳಗೆ ಒಳಗಡೆಗೆ ತಳ್ಳಿಟ್ಟ ಗಂಟುಗಳೂ ಅದರಲ್ಲಿದ್ದವು. ಮರೆತವರು ಹಾಗೆ ತಳ್ಳಿಡುವುದಿಲ್ಲ. ಮೂವತ್ತೊಂದು ವರ್ಷದಲ್ಲಿ ಅದು ತಮಗೆ ಹೊಳೆಯಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ನೆಗಡಿಯಣ್ಣ ಗಡಿಯಾರವನ್ನು ನೋಡಿದ ಕೂಡಲೇ ಅರ್ಥ ಮಾಡಿಕೊಂಡ. "ಕಳ್ಕೊಂಡವರು ನಿಮ್ಮ ಕಿಟಕಿಗೆ ಬರ್ತಿದ್ರು ಅಕ್ಕ. ಇಲ್ಲಿಗೆ ಬರೋರು ಕಳೀಬೇಕು ಅಂತಾನೇ ಬರ್ತಾರೆ" ಎಂದ. ಆ ಮಾತು ಹೇಳುವಷ್ಟು ಹೊತ್ತು ಅವನಿಗೆ ಸೀನೂ ಬರಲಿಲ್ಲ.

ಮೂರು ವಾರ ಗುರುತಮ್ಮ ಹೊರವಲಯದ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಕೂತು ಬೋರ್ಡಿನವರ ಬ್ರಶ್ಶುಗಳನ್ನು ಉದ್ದದ ಪ್ರಕಾರ ಜೋಡಿಸಿದರು, ಆಮೇಲೆ ದಪ್ಪದ ಪ್ರಕಾರ. ತಡೆಯಲಾರದೆ ಬೋರ್ಡಿನವರೇ ನೆಗಡಿಯಣ್ಣನಲ್ಲಿಗೆ ಹೋಗಿ ಏನೋ ಮಾತಾಡಿ ಬಂದರು. ಮರುವಾರ ನೆಗಡಿಯಣ್ಣ ಹೇಳಿಕಳಿಸಿದ: ಮಂಗಳವಾರ, ಶನಿವಾರ ಗಲ್ಲಾದ ಪಕ್ಕ ಒಬ್ಬರು ಕೂರಬೇಕು, ಮಾರಲು ಬಂದವರ ಜೊತೆ ಮಾತಾಡಬೇಕು, ತನಗೆ ಸೀನಿನ ಮಧ್ಯೆ ಆಗುತ್ತಿಲ್ಲ.

ಮೊದಲ ಶನಿವಾರವೇ ಒಬ್ಬಳು ಹುಡುಗಿ ಕೈಗಾಡಿಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ತಂದಳು. ಅವಳ ಅಮ್ಮನದು, ಅಮ್ಮ ತೀರಿಕೊಂಡು ತಿಂಗಳಾಗಿತ್ತು. ಮನೆ ಬದಲಾಯಿಸುತ್ತಿದ್ದಾಳೆ, ಜಾಗವಿಲ್ಲ, ಬೇಗ ತೆಗೆದುಕೊಳ್ಳಿ ಎಂದಳು. ಒಳ್ಳೇ ಯಂತ್ರ, ನೆಗಡಿಯಣ್ಣ ಆಗಲೇ ಎದ್ದು ನಿಂತಿದ್ದ. ಗುರುತಮ್ಮ ಅಭ್ಯಾಸಬಲದಿಂದ, "ಏನು ಗುರುತು?" ಎಂದುಬಿಟ್ಟರು.

ಹುಡುಗಿಗೆ ಪ್ರಶ್ನೆ ವಿಚಿತ್ರವೆನಿಸಲಿಲ್ಲ. "ಪೆಡಲ್ಲು ಎಡಗಡೆ ಮಾತ್ರ ಸವೆದಿದೆ. ಅಮ್ಮನ ಬಲಗಾಲಲ್ಲಿ ಶಕ್ತಿ ಇರಲಿಲ್ಲ" ಎಂದಳು. "ಡ್ರಾಯರ್ ಅರ್ಧ ಮಾತ್ರ ತೆರೆಯುತ್ತೆ, ಹಿಂದೆ ಒಂದು ಗುಂಡಿ ಸಿಕ್ಕಿಕೊಂಡಿದೆ, ನಾನು ಚಿಕ್ಕವಳಿದ್ದಾಗ ಹಾಕಿದ್ದು. ಜೋರಾಗಿ ತುಳಿದರೆ ಒಂದು ಥರ ಸಿಳ್ಳೆ ಹಾಕುತ್ತೆ, ಶಾಲೆಯಿಂದ ಬರುವಾಗ ಮೂರು ಮನೆ ಆಚೆಗೇ ಕೇಳಿಸೋದು." ಹೇಳುತ್ತಲೇ ಹೋದಳು. ಗುರುತಮ್ಮ ಕೇಳುತ್ತಲೇ ಹೋದರು.

"ಒಂದು ತಿಂಗಳು ಇದು ಹಿಂದಿನ ಗೋಡೆ ಹತ್ತಿರ ಇರುತ್ತೆ. ಮಾರೋದಿಲ್ಲ. ಆಮೇಲೂ ಬೇಡ ಅನ್ನಿಸಿದರೆ ಬಂದು ಹೇಳಮ್ಮ" ಎಂದರು ಕೊನೆಗೆ. ನೆಗಡಿಯಣ್ಣ ಬಾಯಿ ತೆರೆದ, ಆದರೆ ಬಂದದ್ದು ಸೀನು.

ಅವಳ ಹಿಂದೆಯೇ ಬಂದ ದಪ್ಪನೆಯ ಗೃಹಸ್ಥರು ಮಾವನ ಕಾಲದ ಹಿತ್ತಾಳೆ ದೀಪವೊಂದನ್ನು ಮೇಜಿನ ಮೇಲೆ ಕುಕ್ಕಿದರು. ಗುರುತು ಕೇಳಿದರೆ, "ಗುರುತು ಗಿರುತು ಗೊತ್ತಿಲ್ಲ ತಾಯಿ, ಕಣ್ಣೆದುರಿಂದ ಹೋದರೆ ಸಾಕು" ಎಂದರು. ಅದು ನೇರವಾಗಿ ಮುಂದಿನ ಕಪಾಟಿಗೆ ಹೋಯಿತು.

ಹೊಲಿಗೆ ಯಂತ್ರದ ಹುಡುಗಿ ಮೂರನೆಯ ಮಂಗಳವಾರವೇ ಬಂದಳು. ಹೊಸ ಮನೆಯಲ್ಲಿ ಮಂಚವನ್ನು ಗೋಡೆಗೆ ಸರಿಸಿ ಜಾಗ ಮಾಡಿದ್ದಳಂತೆ. ಯಂತ್ರವನ್ನು ಗಾಡಿಗೆ ಏರಿಸುವಾಗ ಅವಳ ಮುಖ ನೋಡಲು ಗುರುತಮ್ಮ ಗಲ್ಲಾ ಬಿಟ್ಟು ಬೀದಿಯವರೆಗೆ ಹೋದರು. ಗಡಿಯಾರವನ್ನು ನೆಗಡಿಯಣ್ಣ ಒಂದು ಬೇಕರಿಯವರಿಗೆ ಮಾರಿದ. ಕಾಲುಗಂಟೆಗೊಮ್ಮೆ ಅದು ಕೂಗುವುದರಿಂದ ಅಲ್ಲಿ ಈಗ ಬ್ರೆಡ್ಡು ಸೀಯುವುದಿಲ್ಲವಂತೆ.

ಹಿಂದಿನ ಗೋಡೆಯ ಸಾಮಾನಿನಲ್ಲಿ ಹತ್ತಕ್ಕೆ ಮೂರು ಮನೆಗೆ ವಾಪಸ್ಸಾಗುತ್ತವೆ. ಇದರಿಂದ ವ್ಯಾಪಾರ ಕೆಟ್ಟಿತು ಎಂದು ನೆಗಡಿಯಣ್ಣ ದಿನಾ ಗೊಣಗುತ್ತಾನೆ. ಆದರೆ ಅಲ್ಲಿ ಅವಸರ ಮಾಡುವುದಿಲ್ಲ ಎಂಬ ಮಾತು ಹರಡಿ, ಜನ ಬೇರೆ ಬೇರೆ ಬಡಾವಣೆಗಳಿಂದ ಸಾಮಾನು ಹೊತ್ತು ಅವನಲ್ಲಿಗೇ ಬರುತ್ತಾರೆ. ಶನಿವಾರ ಬೋರ್ಡಿನವರೂ ಬಂದು ಕೂತು, ಹೆಂಡತಿ ಬರೆದ ಚೀಟಿಗಳ ಅಕ್ಷರ ಸೊಟ್ಟಗಿದೆ ಎಂದು ತಗಾದೆ ತೆಗೆಯುತ್ತಾರೆ.

ಕಳೆದ ತಿಂಗಳು ಯಾರೋ ತಂದು ಸುರಿದ ಗಾಜಿನ ಸಾಮಾನಿನಲ್ಲಿ ನೀಲಿ ಬಣ್ಣದ ಹೂಜಿಯೊಂದಿತ್ತು. ಹೆಸರಿಲ್ಲ, ಬರಹವಿಲ್ಲ. ಗುರುತಮ್ಮ ಅದನ್ನು ಮೂರು ಸಲ ಒರೆಸಿದರು, ಮೂರು ಸಲ ಕಪಾಟಿನಲ್ಲಿಟ್ಟು ಬಂದರು. ಇಷ್ಟು ವರ್ಷ ಬೇರೆಯವರ ಸಾಮಾನಿನ ನಡುವೆ ಕೂತಿದ್ದರೂ ಅವರಾಗಿ ಒಂದನ್ನೂ ತಮಗೆಂದು ಆಸೆಪಟ್ಟಿರಲಿಲ್ಲ. ಸಂಜೆ ಅದನ್ನು ಕೊಂಡು, ನೆಗಡಿಯಣ್ಣನ ನಗುವನ್ನು ಲೆಕ್ಕಿಸದೆ ಮನೆಗೆ ತಂದರು. ನೀರು ತುಂಬಿ ಮೇಜಿನ ಮೇಲಿಟ್ಟರು. ದೀಪದ ಬೆಳಕಿಗೆ ಗೋಡೆಯ ಮೇಲೆಲ್ಲ ನೀಲಿ ಅಲೆಯಾಡಿತು. ತಳದಲ್ಲಿ ಸಣ್ಣಗೆ ಸೋರುತ್ತದೆ ಎಂದು ಬೋರ್ಡಿನವರು ತೋರಿಸಿಕೊಟ್ಟರು. ಗುರುತಮ್ಮ ಕೆಳಗೊಂದು ತಟ್ಟೆ ಇಟ್ಟು, ಕೂತು ನೋಡಿದರು.